ಅಡಿಪಟ್ಟಿಯ ಕೆಳಗಿನ ಸಾಲು

ಸತ್ಯವೇದದ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಓದಿ ಮುಗಿಯುವ ತನಕ ಎಲ್ಲರೂ ನಿಂತಿರಬೇಕು, ಆಮೇಲೆಯೇ ಸಹಾಯಕ ಗ್ರಂಥಗಳನ್ನು ತೆರೆಯಬೇಕು. ದೇವಜ್ಞಾನ ಶಾಲೆಯ ಗುರು ಸತ್ಯಮಿತ್ರ ಅಯ್ಯನವರು ಈ ನಿಯಮವನ್ನು ಹೇಳಿ ಮುಗಿಸಿದಾಗ ಶಿಷ್ಯ ಜಯವಂತ ಕೇಳಿದ:

“ಗುರುಗಳೇ, ಪದಾನುಕ್ರಮಣಿಕೆ ಇದೆ, ಶಬ್ದಕೋಶ ಇದೆ, ನಕ್ಷೆಗಳಿವೆ, ವ್ಯಾಖ್ಯಾನಗಳಿವೆ. ಬೇಕಾದ ವಚನ ಕ್ಷಣದಲ್ಲಿ ಸಿಗುತ್ತದೆ. ಹೀಗಿರುವಾಗ ಇಡೀ ಅಧ್ಯಾಯ ಓದುತ್ತಾ ಕೂರುವುದು ಯಾಕೆ?”

“ಕೂರುವುದಲ್ಲ, ನಿಲ್ಲುವುದು,” ಎಂದರು ಗುರುಗಳು. “ಕತೆ ಕೇಳು.”

ಒಂದು ಊರಿನಲ್ಲಿ ಒಂದು ಸಣ್ಣ ಕ್ರೈಸ್ತ ಸಭೆ. ಅಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಮನೆಯಾಕೆ ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡಬೇಕು, ಭಾನುವಾರ ಅದನ್ನು ತಂದು ದೇವಾಲಯದ ಬಾಗಿಲಲ್ಲಿರುವ ಮಡಕೆಗೆ ಸುರಿಯಬೇಕು. ಆ ಅಕ್ಕಿ ಗತಿಯಿಲ್ಲದ ವಿಧವೆಯರ ಪಾಲು. ಯಾರ ಹಿಡಿ ದೊಡ್ಡದು, ಯಾರದು ಚಿಕ್ಕದು ಎಂದು ನೋಡುವವರಿರಲಿಲ್ಲ.

ಸಭೆಯ ಹಿರಿಯ ಒಬ್ಬ ವರ್ತಕ. ಅವನ ತಮ್ಮ ತೀರಿಕೊಂಡಿದ್ದ. ಅಣ್ಣತಮ್ಮಂದಿರು ಸೇರಿ ಕಟ್ಟಿದ ಅಂಗಡಿ ಅಣ್ಣನ ಪಾಲಿಗೆ ಬಂತು, ತಮ್ಮನ ಹೆಂಡತಿ ಮಡಕೆಯ ಪಾಲಿಗೆ ಹೋದಳು. ಅವಳಿಗೆ ಕಾಲು ಊದುವ ಕಾಯಿಲೆ. ಸ್ವಲ್ಪ ಹೊತ್ತು ನಿಂತರೂ ಸೋಲುತ್ತಿದ್ದಳು. ಹಾಗಾಗಿ ಅವಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಅದೇ ಸಭೆಯಲ್ಲಿ ಒಬ್ಬ ಮೇಷ್ಟ್ರಿದ್ದ. ಸತ್ಯವೇದವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವನು. ಯಾವ ಪದ ಯಾವ ಅಧ್ಯಾಯದಲ್ಲಿದೆ ಎಂದು ತೋರಿಸುವ ಪದಾನುಕ್ರಮಣಿಕೆ ಅವನ ಬಳಿ ಇತ್ತು. ಮೂಲ ಭಾಷೆಯ ಶಬ್ದಕೋಶ ಇತ್ತು, ನಕ್ಷೆಗಳ ಪುಸ್ತಕ ಇತ್ತು. ಕೈ ತೊಳೆಯದೆ ಅವುಗಳನ್ನು ಮುಟ್ಟುತ್ತಿರಲಿಲ್ಲ. ವ್ಯಾಖ್ಯಾನ ಗ್ರಂಥ ಒಂದು ಇರಲಿಲ್ಲ; ಅದಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು. ಇದ್ದ ಪುಸ್ತಕಗಳನ್ನೆಲ್ಲ ಕೊಡಿಸಿದವನು ವರ್ತಕ. ವ್ಯಾಖ್ಯಾನವನ್ನೂ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದವನೂ ಅವನೇ.

ಒಂದು ವರ್ಷ ಮಡಕೆ ತುಂಬಲಿಲ್ಲ. ಯಾಕೆ ತುಂಬಲಿಲ್ಲ ಎಂದು ಯಾರೂ ಕೇಳಲಿಲ್ಲ. ಯಾರನ್ನು ಬಿಡಬೇಕು ಎಂದು ಕೇಳಿದರು.

“ನಾವು ಹೇಳಿದರೆ ಪಕ್ಷಪಾತ ಅಂತಾರೆ,” ಎಂದ ವರ್ತಕ. “ದೇವರ ವಾಕ್ಯವೇ ಹೇಳಲಿ.”

ಆರಾಧನೆ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ವಾಕ್ಯ ಓದುವುದಿದೆ ಎಂದು ಎಲ್ಲರೂ ಎದ್ದು ನಿಂತರು. ಸಭಾಪಾಲಕರು, “ಮೊದಲು ವಿಧವೆಯರ ವಿಷಯ ಬರುವ ಅಧ್ಯಾಯ ಪೂರ್ತಿ ಓದೋಣ,” ಎಂದರು.

“ಅಯ್ಯನವರೇ, ಹೊತ್ತೆಷ್ಟಾಯಿತು ನೋಡಿ. ಮನೆಯಲ್ಲಿ ಸಾರು ಒಲೆಯ ಮೇಲಿದೆ, ಇಲ್ಲಿ ನೀವು ನಮ್ಮನ್ನು ಒಲೆಯ ಮೇಲಿಟ್ಟಿದ್ದೀರಿ,” ಎಂದ ವರ್ತಕ. ಜನ ನಕ್ಕರು. “ಮೇಷ್ಟ್ರೇ, ಅಷ್ಟೊಂದು ಪುಸ್ತಕ ಇಟ್ಟುಕೊಂಡಿರುವುದು ಪೂಜೆಗೋ? ತೆಗೆಯಿರಿ.”

ಸಭಾಪಾಲಕರೂ ನಕ್ಕರು.

ಮೇಷ್ಟ್ರು ಪದಾನುಕ್ರಮಣಿಕೆ ತೆರೆದ. ‘ವಿಧವೆ’ ಎಂಬ ಪದದ ಕೆಳಗೆ ಬೆರಳಾಡಿಸಿದ. ಬೇಕಾದದ್ದು ಸಿಕ್ಕಿತು. ಸತ್ಯವೇದದಲ್ಲಿ ಆ ಜಾಗವನ್ನು ತೆಗೆದ. ಅಕ್ಷರ ಸಣ್ಣದು. ಓದಬೇಕಾದ ಸಾಲಿನ ಮೇಲ್ಗಡೆ ಮರದ ಅಡಿಪಟ್ಟಿ ಇಟ್ಟುಕೊಂಡು ಓದುವುದು ಅವನ ರೂಢಿ. ಮೇಲಿನದು ಮುಚ್ಚಿದರೆ ಕಣ್ಣು ಹಿಂದಕ್ಕೆ ಜಾರುವುದಿಲ್ಲ. ಅಡಿಪಟ್ಟಿ ಇಡುವ ಮುಂಚೆ ಅವನ ಕಣ್ಣು ಮೇಲಿನ ವಚನದ ಮೇಲೆ ಬಿತ್ತು. ತನ್ನ ಸ್ವಂತ ಮನೆಯವರನ್ನು ಸಾಕದವನು ನಂಬಿಕೆಯನ್ನೇ ಬಿಟ್ಟವನು, ನಂಬದವನಿಗಿಂತಲೂ ಕೀಳು ಎಂಬ ಅರ್ಥದ ಮಾತು ಅಲ್ಲಿತ್ತು.

ಮೇಷ್ಟ್ರು ತಲೆಯೆತ್ತಿದ. ಎದುರಿಗೆ ವರ್ತಕ ನಿಂತಿದ್ದ. ಮೇಷ್ಟ್ರಿಗೆ ವ್ಯಾಖ್ಯಾನ ಗ್ರಂಥ ನೆನಪಾಯಿತು.

ಅವನು ಆ ವಚನದ ಮೇಲೆ ಅಡಿಪಟ್ಟಿ ಇಟ್ಟ. ಕೆಳಗಿನದನ್ನು ಸ್ಪಷ್ಟವಾಗಿ ಓದಿದ. ಅರವತ್ತು ವರ್ಷಕ್ಕೆ ಕಡಿಮೆ ವಯಸ್ಸಿನವಳನ್ನು ವಿಧವೆಯರ ಸಾಲಿಗೆ ಸೇರಿಸಬಾರದು ಎಂದಿತ್ತು. ಶಬ್ದಕೋಶ ತೆರೆದು, ಮೂಲ ಪದದ ಅರ್ಥವೂ ಅದೇ ಎಂದ. ನಕ್ಷೆ ತೆರೆದು, ಈ ಮಾತು ಯಾವ ಪಟ್ಟಣದ ಸಭೆಗೆ ಸಂದಿತೆಂದು ತೋರಿಸಿದ. ಪುಸ್ತಕಗಳಲ್ಲಿ ಒಂದೂ ಸುಳ್ಳು ಹೇಳಲಿಲ್ಲ. ಮೇಷ್ಟ್ರೂ ಸುಳ್ಳು ಹೇಳಲಿಲ್ಲ.

ವಿಧವೆಯರಲ್ಲಿ ಅರವತ್ತಾಗದವಳು ಒಬ್ಬಳೇ. ವರ್ತಕನ ತಮ್ಮನ ಹೆಂಡತಿ.

“ಕೇಳಿದೆಯಲ್ಲಮ್ಮ,” ಎಂದ ವರ್ತಕ. “ನಮ್ಮದೇನಿಲ್ಲ, ವಾಕ್ಯವೇ ಹೇಳಿತು. ಬೇಗ ಬೇಗ ಮುದುಕಿಯಾಗು, ನಿನ್ನ ಪಾಲು ಎಲ್ಲಿಗೂ ಹೋಗುವುದಿಲ್ಲ.”

ಜನ ಮತ್ತೆ ನಕ್ಕರು. ನಗುತ್ತಲೇ ಕೂತರು. ಸಭಾಪಾಲಕರು ಕಡೆಯ ಪ್ರಾರ್ಥನೆಗೆ ಕೈ ಜೋಡಿಸಿದರು. ಅವಳೊಬ್ಬಳು ನಿಂತೇ ಇದ್ದಳು.

“ಕೂತುಕೊಳ್ಳಮ್ಮ, ಕಾಲು ನೋವು ನಿನಗೆ,” ಎಂದ ವರ್ತಕ.

“ಅಧ್ಯಾಯ ಮುಗಿದಿಲ್ಲ, ಭಾವ.”

“ಓದಿದ್ದು ಮುಗೀತಲ್ಲ!”

“ಶುರುವೇ ಆಗಿಲ್ಲ,” ಎಂದಳು ಅವಳು. “ನನ್ನನ್ನು ತೆಗೆಯುವುದಾದರೆ ಓದಿ ತೆಗೆಯಿರಿ. ಓದಿ ಮುಗಿಯುವವರೆಗೆ ನಿಂತಿರುವುದು ನಮ್ಮ ಸಭೆಯ ನಿಯಮ.”

ಮೇಷ್ಟ್ರ ಕೈ ಅಡಿಪಟ್ಟಿಯ ಮೇಲಿತ್ತು. ಅದನ್ನು ಎತ್ತಲು ಬಲವೇನೂ ಬೇಕಿರಲಿಲ್ಲ. ಅವನು ಅಡಿಪಟ್ಟಿಯ ಸಮೇತ ಪುಸ್ತಕ ಮುಚ್ಚಿದ. ಪ್ರಾರ್ಥನೆ ಆಯಿತು. ಜನ ಊಟಕ್ಕೆ ಹೋದರು.

ಆ ವಾರದಿಂದ ಅವಳಿಗೆ ಮಡಕೆಯ ಅಕ್ಕಿ ನಿಂತಿತು. ಪಕ್ಕದ ಮನೆಯಲ್ಲಿ ಒಬ್ಬ ನೇಕಾರನಿದ್ದ. ಅವನು ಈ ಸಭೆಯವನಲ್ಲ, ಈ ಮತದವನೂ ಅಲ್ಲ. ಅವನ ಹೆಂಡತಿ ಗೋಡೆಯ ಮೇಲಿಂದ ಅವಳಿಗೆ ಗಂಜಿ ದಾಟಿಸತೊಡಗಿದಳು. ಯಾವ ವಚನವನ್ನೂ ಕೇಳಲಿಲ್ಲ.

ಭಾನುವಾರ ಬಂತು. ಓದುವ ಹೊತ್ತಿಗೆ ಎಲ್ಲರೂ ಎದ್ದರು, ಓದಿ ಮುಗಿದ ಮೇಲೆ ಕೂತರು. ಅವಳು ಕೂರಲಿಲ್ಲ. ಹಿಂದಿನ ಗೋಡೆಗೆ ಒರಗಿ ಆರಾಧನೆ ಮುಗಿಯುವವರೆಗೆ ನಿಂತಳು. ಮರುವಾರವೂ ನಿಂತಳು. ಮೊದಮೊದಲು ಜನ ತಿರುಗಿ ನೋಡುತ್ತಿದ್ದರು. “ಹಟಮಾರಿ,” ಎಂದರು. “ಸೊಕ್ಕು, ಕಾಲು ಊದಿದರೂ ಇಳಿದಿಲ್ಲ,” ಎಂದರು. ಆಮೇಲೆ ಕಂಬವನ್ನು ನೋಡಿದ ಹಾಗೆ ನೋಡಿದರು. ಆಮೇಲೆ ನೋಡಲಿಲ್ಲ.

ವರ್ತಕ ಮಾತಿಗೆ ತಪ್ಪುವವನಲ್ಲ. ವ್ಯಾಖ್ಯಾನ ಗ್ರಂಥವನ್ನು ತರಿಸಿ ಮೇಷ್ಟ್ರ ಮನೆಗೆ ತಾನೇ ಹೊತ್ತು ತಂದ. ಮೇಷ್ಟ್ರು ಕೈ ತೊಳೆದು ಬಂದು ಅದನ್ನು ತೆರೆದ. ಕೈ ತಾನಾಗಿ ಆ ಅಧ್ಯಾಯಕ್ಕೇ ಹೋಯಿತು. ವಯಸ್ಸಿನ ವಚನಕ್ಕೆ ವ್ಯಾಖ್ಯಾನಕಾರ ನಾಲ್ಕು ಮಾತು ಬರೆದು ಮುಗಿಸಿದ್ದ. ಅದರ ಮೇಲಿನ ವಚನಕ್ಕೆ ಪುಟಗಟ್ಟಲೆ ಬರೆದಿದ್ದ. ಮೇಷ್ಟ್ರು ಅಷ್ಟನ್ನೂ ಓದಿದ. ಚೆನ್ನಾಗಿ ಬರೆದಿದ್ದಾನೆ ಎಂದುಕೊಂಡ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಉಳಿದವುಗಳ ಪಕ್ಕದಲ್ಲಿಟ್ಟ.

ಭಾನುವಾರ ಅವನು ಎಲ್ಲರಿಗಿಂತ ಮುಂದಿನ ಬೆಂಚಿಗೆ ಜಾಗ ಬದಲಿಸಿದ್ದ. ಅಲ್ಲಿ ಕೂತರೆ ಹಿಂದಿನ ಗೋಡೆ ಕಾಣುವುದಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಜಯವಂತ ಕೇಳಿದ:

“ಆಮೇಲೆ ಯಾರಾದರೂ ಆ ಅಧ್ಯಾಯ ಓದಿದರೇ, ಗುರುಗಳೇ?”

“ಅವರು ಓದಲಿಲ್ಲ, ಅವಳು ಕೂರಲಿಲ್ಲ.”