ಮೂರನೆಯ ಕೂಗು

ಆ ಹೊಳೆಗೆ ಸೇತುವೆ ಇರಲಿಲ್ಲ. ಈಚೆ ದಡದಲ್ಲಿ ಒಂದು ಆಶ್ರಮ, ಆಶ್ರಮಕ್ಕೊಂದು ಹರಿಗೋಲು, ಹರಿಗೋಲಿಗೊಬ್ಬರು ಅಜ್ಜ. ಅಷ್ಟೇ.

ಆಶ್ರಮ ಅಂದರೆ ದೊಡ್ಡದೇನಲ್ಲ. ಬಂಡೆಗೆ ಒರಗಿಸಿ ಕಟ್ಟಿದ ಎರಡು ಕೋಣೆ, ಮುಂದೊಂದು ಬೇವಿನ ಮರ. ಅಜ್ಜನ ಮಾತು ಕೇಳಲು ಬರುವವರಿದ್ದರು, ಬರೀ ಹೊಳೆ ದಾಟಲು ಬರುವವರೂ ಇದ್ದರು. ಯಾರು ಯಾವುದಕ್ಕೆ ಬಂದವರು ಅಂತ ಅಜ್ಜ ಕೇಳುತ್ತಿರಲಿಲ್ಲ. ಎಲ್ಲರನ್ನೂ ಹರಿಗೋಲಿನಲ್ಲೇ ಕೂರಿಸುತ್ತಿದ್ದರು.

ಆಚೆ ದಡದಿಂದ ಬರುವವರು ನೀರಿನ ಅಂಚಿಗೆ ನಿಂತು "ಅಜ್ಜಾ" ಎಂದು ಕೂಗಬೇಕು. ಹಗಲಾದರೆ ಒಂದು ಕೂಗು ಸಾಕು. ದೀಪ ಹಚ್ಚಿದ ಮೇಲಾದರೆ ಮೂರು. ಮೂರನೆಯ ಕೂಗು ಕಿವಿಗೆ ಬೀಳುವ ತನಕ ಅಜ್ಜ ಹರಿಗೋಲು ಬಿಚ್ಚುತ್ತಿರಲಿಲ್ಲ.

ಇದು ಯಾಕೆ ಹೀಗೆ ಎಂದು ಶಿಷ್ಯ ಗವಿಸಿದ್ಧ ಬಂದ ಹೊಸತರಲ್ಲಿ ಕೇಳಿದ್ದ.

"ಕತ್ತಲಾದ ಮ್ಯಾಲ ಹೊಳಿನೂ ಕರಿತೈತಿ," ಅಂದಿದ್ದರು ಅಜ್ಜ. "ತಾನು ನುಂಗಿದವರ ದನಿಯಾಗ, ನುಂಗಾಕ ಹೊಂಚಿದವರ ದನಿಯಾಗ. ಒಮ್ಮೆ ಕರಿತೈತಿ, ಎರಡು ಸಲ ಕರಿತೈತಿ. ಮೂರನೇದಕ್ಕ ಅದರ ಹತ್ರ ಉಸಿರು ಇರೂದಿಲ್ಲ."

ಗವಿಸಿದ್ಧ ನಕ್ಕಿದ್ದ. ಅಜ್ಜ ನಕ್ಕಿರಲಿಲ್ಲ.

ಗವಿಸಿದ್ಧ ಮೊದಲು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದವನು. ಕಂಡವರ ಫೋನು ಬಿಚ್ಚಿ ಬಿಚ್ಚಿ ಬೇಸರ ಬಂದು, ಒಂದು ದಿನ ಶಟರ್ ಎಳೆದು ಹೊಳೆ ದಂಡೆಗೆ ಬಂದ. ಶಾಂತಿ ಬೇಕು ಅಂದ. ಅಜ್ಜ ಅವನ ಕೈಗೆ ಹುಟ್ಟು ಕೊಟ್ಟರು. ಹುಟ್ಟು ಹಾಕುವುದನ್ನು ಚೆನ್ನಾಗಿಯೇ ಕಲಿತ. ಆದರೂ ಕೈ ಆಗಾಗ ತಾನೇ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು.

ಒಂದು ದಿನ ಪೇಟೆಯ ಭಕ್ತರೊಬ್ಬರು ಎರಡು ಸ್ಮಾರ್ಟ್‌ಫೋನು ತಂದು ಅಜ್ಜನ ಮುಂದಿಟ್ಟರು. ಒಂದು ಹೊಸದು, ಒಂದು ತಾವು ಬಳಸಿ ಬಿಟ್ಟದ್ದು. ಕಾಲ ಬದಲಾಗಿದೆ, ಆಶ್ರಮದಲ್ಲೂ ಒಂದು ಇರಲಿ ಅಂದರು. ನಮಸ್ಕಾರ ಮಾಡಿ ಹೋದರು.

ಅಜ್ಜ ಅವನ್ನು ಮುಟ್ಟಲೂ ಇಲ್ಲ. ಗವಿಸಿದ್ಧನ ಕಣ್ಣು ಮಾತ್ರ ಹಬ್ಬದ ದಿನದ ಮಕ್ಕಳ ಕಣ್ಣಿನ ಹಾಗಾಯಿತು.

ಅವನು ಅಜ್ಜನ ಹೆಬ್ಬೆರಳು ಹಿಡಿದು ಹೊಸ ಫೋನಿನ ಗಾಜಿನ ಮೇಲೆ ಒತ್ತಿಸಿದ. ಫೋನು ಒಪ್ಪಲಿಲ್ಲ. ಒರೆಸಿ ಒತ್ತಿಸಿದ. ಒಪ್ಪಲಿಲ್ಲ. ಹುಟ್ಟು ಹಿಡಿದೂ ಹಿಡಿದೂ ಅಜ್ಜನ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಹೊಳೆಯಲ್ಲಿ ಉರುಳಿದ ಕಲ್ಲಿನ ಹಾಗೆ ನುಣ್ಣಗಿತ್ತು.

ಮುಖ ತೋರಿಸಿದ. ಫೋನು ಬಹಳ ಹೊತ್ತು ನೋಡಿತು. ಎದುರಿಗೆ ಯಾರೂ ಇಲ್ಲ ಎಂಬಂತೆ ಕಪ್ಪಾಯಿತು.

"ಇದರ ಕಣ್ಣಿಗೆ ನೀವು ಬೀಳವಲ್ರಿ, ಅಜ್ಜಾರ."

"ಬೀಳಬೇಕಂತ ನಾನೇನು ಹರಕೆ ಹೊತ್ತಿಲ್ಲಪಾ," ಅಂದರು ಅಜ್ಜ. "ನನಗ ಇದರ ಗೊಡವಿ ಇಲ್ಲ, ಅದಕ್ಕ ನನ್ನ ಗೊಡವಿ ಇಲ್ಲ. ಇಬ್ಬರೂ ಆರಾಮ ಅದೀವಿ. ನಡುವ ನಿಂದೇನು?"

ಗವಿಸಿದ್ಧ ತನ್ನ ಬೆರಳಿನ ಗುರುತು ಕೊಟ್ಟು ಹೊಸ ಫೋನನ್ನು ತಾನೇ ಇಟ್ಟುಕೊಂಡ. ಹಳೆಯದನ್ನು ದ್ಯಾಮವ್ವನಿಗೆ ಕೊಡುತ್ತೇನೆ ಅಂದ.

ದ್ಯಾಮವ್ವ ಆಚೆ ದಡದ ಗುಡ್ಡದಲ್ಲಿ ಆಡು ಮೇಯಿಸುವವಳು. ಮನೆ ಈಚೆಗೆ. ಸಂಜೆ ಆಡುಗಳನ್ನು ಅಲ್ಲೇ ದೊಡ್ಡಿಗೆ ಸೇರಿಸಿ, ದಿನದ ಕೊನೆಯ ಹರಿಗೋಲಿಗೆ ಬರುವಳು. ಗುಡ್ಡದ ತುದಿಯ ಆಡನ್ನು ಒಂದೇ ಕೂಗಿಗೆ ಇಳಿಸುವ ದನಿ ಅವಳದು. ಅವಳು ಹೊಳೆಯಾಚೆ ನಿಂತು ಅಜ್ಜಾ ಅಂದರೆ ಈಚೆಯ ಬೇವಿನ ಮರದ ಹಕ್ಕಿಗಳು ಏಳುತ್ತಿದ್ದವು.

"ಮುದುಕಿ ಗಂಟಲು ಹರಕೊಂಡು ಕೂಗೂದು ಯಾಕ್ರಿ? ಫೋನು ಇದ್ದರ ಒಂದು ಬೆರಳಿನ ಕೆಲಸ," ಅಂದ ಗವಿಸಿದ್ಧ.

"ಆಕಿಗೆ ಬೇಕೇನು?"

"ಬ್ಯಾಡ ಅಂದಳು. ರೂಢಿ ಆದರ ತಾನ ಬೇಕಂತಾಳ."

"ಹಸಿವಿಲ್ಲದವರ ಕೈಯಾಗ ಬಿಸಿ ರೊಟ್ಟಿ ಇಟ್ಟರ ಹೊಟ್ಟಿ ತುಂಬೂದಿಲ್ಲಪಾ. ಕೈ ಸುಡ್ತೈತಿ."

ಗವಿಸಿದ್ಧ ಅದನ್ನು ಮುದುಕರ ಮಾತು ಅಂದುಕೊಂಡ.

ದ್ಯಾಮವ್ವನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ತನ್ನ ಆಡುಗಳು ಹೊತ್ತಿಗೆ ಸರಿಯಾಗಿ ತಾವೇ ಮೇಯುತ್ತವೆ, ಈ ಕರೀ ಹಲಗೆಗೆ ದಿನಾ ಕರೆಂಟು ಮೇಯಿಸಲು ತನ್ನಿಂದಾಗದು ಅಂದಳು. ಗವಿಸಿದ್ಧ ಬಿಡಲಿಲ್ಲ. ಬೇವಿನ ಮರದ ಕೆಳಗೆ ಪದ್ಮಾಸನ ಹಾಕಿ ಕುಳಿತ ಅಜ್ಜನ ಚಿತ್ರ ತೆಗೆದ. ಗಾಜಿನ ತುಂಬ ಆ ಚಿತ್ರವೇ ಬರುವಂತೆ ಮಾಡಿದ. ಬದಿಯ ಗುಂಡಿ ಒತ್ತಿದರೆ ಅಜ್ಜ ಕಾಣುತ್ತಾರೆ, ಅಜ್ಜನ ಮುಖ ಒತ್ತಿದರೆ ಇಲ್ಲಿ ಗಂಟೆ ಬಡಿಯುತ್ತದೆ. ಇಷ್ಟೇ, ಬೇರೇನೂ ಕಲಿಯಬೇಕಾಗಿಲ್ಲ ಅಂದ. ಒಮ್ಮೆ ತಾನೇ ಒತ್ತಿ ತೋರಿಸಿದ. ಗಂಟೆ ಬಡಿಯಿತು.

ದ್ಯಾಮವ್ವ ಚಿತ್ರ ನೋಡಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕೂಗುವುದನ್ನು ಬಿಡುವುದಕ್ಕೆ ಮಾತ್ರ ಒಪ್ಪಲಿಲ್ಲ.

ಆಗ ಗವಿಸಿದ್ಧ ಒಂದು ಮಾತು ಸೇರಿಸಿದ.

"ಅಜ್ಜಾರ ಅಪ್ಪಣಿ ಆಗೈತಿ, ಯವ್ವಾ. ಇನ್ನ ಬಾಯಿಲೆ ಕೂಗಬಾರದಂತ."

ಅಜ್ಜ ಹಾಗೆ ಹೇಳಿರಲಿಲ್ಲ. ಆದರೆ ಅಪ್ಪಣೆ ಅಂದಮೇಲೆ ಮುಗಿಯಿತು. ದ್ಯಾಮವ್ವ ಫೋನನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮಡಿಲಿಗೆ ಕಟ್ಟಿಕೊಂಡಳು.

ಮರುದಿನ ಸಂಜೆ ಹೊಳೆಯ ನೀರು ಕೆಂಪಗಾಯಿತು. ಮೇಲೆಲ್ಲೋ ಮಳೆ ಬಿದ್ದು ಅಣೆಕಟ್ಟೆಯ ಗೇಟು ಎತ್ತಿದ್ದರು.

ಗವಿಸಿದ್ಧ ದೀಪ ಹಚ್ಚಿದ. ಫೋನನ್ನು ದೀಪದ ಪಕ್ಕಕ್ಕಿಟ್ಟ. ಅಜ್ಜ ಹೊಳೆಯ ಕಡೆ ಕಿವಿ ಕೊಟ್ಟು ಕುಳಿತಿದ್ದರು.

"ದ್ಯಾಮವ್ವ ಕರೀಲಿಲ್ಲ," ಅಂದರು.

ಗಂಟೆ ಬಡಿದಿಲ್ಲ ಅಂದರೆ ಬಂದಿಲ್ಲ ಅಂತಲೇ ಅರ್ಥ, ನೀರು ಕಂಡು ಗುಡ್ಡದಲ್ಲೇ ಉಳಿದಿರಬೇಕು ಅಂದ ಗವಿಸಿದ್ಧ. ಚಾರ್ಜ್ ಇದೆ, ಸಿಗ್ನಲ್ ಇದೆ ಎಂದು ಫೋನು ಎತ್ತಿ ತೋರಿಸಿದ.

ಅಜ್ಜ ಫೋನು ನೋಡಲಿಲ್ಲ. ಬೇವಿನ ಮರ ನೋಡಿದರು. ಆ ಹೊತ್ತಿಗೆ ಏಳಬೇಕಾದ ಹಕ್ಕಿಗಳು ಎದ್ದಿರಲಿಲ್ಲ. ಆದರೆ ಮಲಗಿಯೂ ಇರಲಿಲ್ಲ. ಕೊಂಬೆಯ ಮೇಲೆ ಸಾಲಾಗಿ, ಹೊಳೆಗೆ ಮುಖ ಮಾಡಿ, ಸದ್ದಿಲ್ಲದೆ ಕುಳಿತಿದ್ದವು.

ಆಗ ಆಚೆ ದಡದ ಕೆಳಗಡೆ, ನೀರಿನ ಮಟ್ಟದಲ್ಲಿ, ನೀಲಿ ಬೆಳಕೊಂದು ಹತ್ತಿತು. ಸ್ವಲ್ಪ ಹೊತ್ತು ಇತ್ತು. ಆರಿತು. ಮತ್ತೆ ಹತ್ತಿತು.

ಗವಿಸಿದ್ಧನಿಗೆ ಕೊಳ್ಳಿದೆವ್ವದ ಬಗ್ಗೆ ಚಿಕ್ಕಂದಿನಲ್ಲಿ ಕೇಳಿದ್ದೆಲ್ಲ ನೆನಪಾಯಿತು. ಹತ್ತುತ್ತದೆ, ಆರುತ್ತದೆ, ಮಾತಾಡುವುದಿಲ್ಲ.

ಅಷ್ಟರಲ್ಲಿ ಕೂಗು ಬಂತು.

"ಅಜ್ಜಾ..."

ದ್ಯಾಮವ್ವನ ದನಿ. ಆದರೆ ಬಂದದ್ದು ಬೆಳಕಿದ್ದ ಕಡೆಯಿಂದಲ್ಲ. ಮೇಲಿನ ಮಡುವಿನ ಕಡೆಯಿಂದ. ಅಲ್ಲಿ ನಿಲ್ಲಲು ದಡವೇ ಇಲ್ಲ.

ಗವಿಸಿದ್ಧ ಹರಿಗೋಲಿನ ಹಗ್ಗಕ್ಕೆ ಕೈ ಹಾಕಿದ. ಅಜ್ಜ ಅವನ ಮುಂಗೈ ಹಿಡಿದರು.

"ಅಜ್ಜಾ..." ಎರಡನೆಯದು ಇನ್ನೂ ಹತ್ತಿರ ಬಂದಿತ್ತು. ಮಡುವಿನ ನೀರು ಮಾತ್ರ ಕದಲಲಿಲ್ಲ.

ಇಬ್ಬರೂ ಕಾದರು. ಮೂರನೆಯದು ಬರಲಿಲ್ಲ.

ಕೆಳಗಡೆ ನೀಲಿ ಬೆಳಕು ಹತ್ತಿತು, ಆರಿತು.

ಅಜ್ಜ ಹಗ್ಗ ಬಿಚ್ಚಿದರು. ಹುಟ್ಟು ತೆಗೆದುಕೊಂಡು ಹರಿಗೋಲಿನ ಮುಖವನ್ನು ಬೆಳಕಿನ ಕಡೆ ತಿರುಗಿಸಿದರು.

"ಅಜ್ಜಾರ, ಅಲ್ಲಿಂದ ಯಾರೂ ಒಮ್ಮೆ ಸೈತ ಕರದಿಲ್ಲ."

"ಅದಕ್ಕ ಹೊಂಟೀನಿ. ಕೂಗು ತಡಕೊಳ್ಳೂದು ಜೀವ ಇದ್ದವರ ಕೈಲೆ ಮಾತ್ರ ಆಗೂದು."

ಆಚೆ ದಡದಲ್ಲಿ ಒಂದು ತಗ್ಗು ಬಂಡೆಯಿದೆ. ಹೊಳೆ ಏರಿದರೆ ಮೊದಲು ಆ ಬಂಡೆಯ ಹಿಂದಿನ ತಗ್ಗು ತುಂಬುತ್ತದೆ. ಮೇಲೆ ನಿಂತವರು ಆಚೆಗೂ ಇಲ್ಲ, ಈಚೆಗೂ ಇಲ್ಲ. ಸಿಗ್ನಲ್ ಚೆನ್ನಾಗಿ ಸಿಗುವುದು ಅದರ ಮೇಲೆ ಎಂದು ದ್ಯಾಮವ್ವನಿಗೆ ಹೇಳಿಕೊಟ್ಟವನು ಗವಿಸಿದ್ಧನೇ.

ಅವಳು ಅಲ್ಲೇ ಇದ್ದಳು. ನೀರು ಸೊಂಟಕ್ಕೆ ಬಂದಿತ್ತು. ಫೋನನ್ನು ಎರಡೂ ಕೈಯಲ್ಲಿ ಎದೆಯ ಮೇಲೆ ಎತ್ತಿ ಹಿಡಿದಿದ್ದಳು. ಗುಂಡಿ ಒತ್ತುವಳು, ಅಜ್ಜನ ಚಿತ್ರ ಬೆಳಗುವುದು. ಚಿತ್ರದ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಚಿತ್ರ ಆರುವುದು. ಮತ್ತೆ ಒತ್ತುವಳು.

ಹರಿಗೋಲು ಎದುರಿಗೆ ಬಂದರೂ ಅವಳು ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡು, ಅಜ್ಜನ ಮುಖವನ್ನೇ ನೋಡಿದಳು.

ಅಜ್ಜ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಫೋನು ಕೈಜಾರಿ ಹರಿಗೋಲಿನ ತಳದ ನೀರಿಗೆ ಬಿದ್ದು ಕಪ್ಪಾಯಿತು.

"ಮಾತಾಡವ್ವ," ಅಂದರು ಅಜ್ಜ.

ಅವಳು ಬರೀ ಉಸಿರಿನಲ್ಲಿ ಕೇಳಿದಳು.

"ಅಪ್ಪಣಿ ಆತೇನ್ರಿ?"

ಅಜ್ಜ ಗವಿಸಿದ್ಧನ ಕಡೆ ತಿರುಗಿದರು. ಗವಿಸಿದ್ಧ ನೀರು ನೋಡಿದ.

"ಮುಖ ಒತ್ತಂತ ಹೇಳಿದ್ದೆನಲ್ಲ ಯವ್ವಾ," ಅಂದ.

"ಅಜ್ಜಾರ ಮುಖಕ್ಕ ಬಟ್ಟು ಇಡೂದೇನೋ ತಮ್ಮಾ?" ಅದೂ ಉಸಿರಿನಲ್ಲೇ. "ಪಾದ ಮುಟ್ಟಿದೆ. ಎಷ್ಟು ಮುಟ್ಟಿದರೂ ಏಳಲಿಲ್ಲ."

ಮಡುವಿನ ಪಕ್ಕ ಹಾದು ಬರುವಾಗ ಗವಿಸಿದ್ಧ ಕಿವಿ ಮುಚ್ಚಿಕೊಂಡ. ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ನೀರು ಇಳಿಯಿತು. ದ್ಯಾಮವ್ವನ ದನಿ ಮಾತ್ರ ಬರಲಿಲ್ಲ.

ನೋವಿಲ್ಲ, ಜ್ವರವಿಲ್ಲ. ಬಾಯಿ ತೆರೆದರೆ ಉಸಿರು ಬರುತ್ತದೆ, ದನಿ ಇಲ್ಲ. ಶುಂಠಿ ಕಷಾಯ ಕುಡಿಸಿದರು. ಉಪ್ಪುನೀರು ಮುಕ್ಕಳಿಸಿದಳು. ಕೊನೆಗೆ ಕೈಸನ್ನೆ ಮಾಡಿ, ಆಡು ಹಸಿದಿರುತ್ತವೆ, ದಾಟಿಸಿರಿ ಅಂದಳು. ಅಜ್ಜ ದಾಟಿಸಿದರು.

ಗವಿಸಿದ್ಧ ಅವಳ ಫೋನನ್ನು ಬಿಚ್ಚಿ ಆಶ್ರಮದ ಬಂಡೆಯ ಮೇಲೆ ಬಿಸಿಲಿಗೆ ಇಟ್ಟ. ಬ್ಯಾಟರಿ ಒಂದು ಕಡೆ, ಸಿಮ್ಮು ಒಂದು ಕಡೆ, ಗಾಜು ಒಂದು ಕಡೆ. ಎಲ್ಲದರಲ್ಲೂ ಹೊಳೆಯ ಕೆಂಪು ಮಣ್ಣು ಹೊಕ್ಕಿತ್ತು. ಇದು ಸತ್ತದ್ದು, ಏಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಅದು ಅವನ ಹಳೆಯ ಕಸುಬು, ತಪ್ಪುವಂತಿರಲಿಲ್ಲ.

"ಎರಡನ್ನೂ ಹೊಳಿಗೆ ಎಸದ ಬಿಡ್ಲೇನ್ರಿ, ಅಜ್ಜಾರ?"

"ಫೋನು ಏನು ಮಾಡಿತೋ? ಪೇಟಿಯಾಗಿನ ಮಂದಿ ಅದರ ಕೂಡ ಸಂಸಾರ ಮಾಡ್ತಾರ, ಮಾಡ್ಲಿ. ಹೊಳಿ ಹೊಟ್ಟಿಯಾಗ ಮೊದಲ ಭಾಳ ದನಿ ಅದಾವ. ಇನ್ನೊಂದು ಹಾಕಬ್ಯಾಡ."

ಸಂಜೆಯಾಯಿತು. ಗವಿಸಿದ್ಧ ದೀಪ ಹಚ್ಚಿದ. ಆಕಾಶದಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು.

ಆಚೆ ದಡದಲ್ಲಿ ದ್ಯಾಮವ್ವ ದೊಡ್ಡಿಯ ಬಾಗಿಲು ತೆರೆದು ನಿಂತಿದ್ದು ಕಾಣುತ್ತಿತ್ತು. ಗುಡ್ಡದ ಕಡೆ ತಿರುಗಿ ಬಾಯಿ ತೆರೆಯುವಳು, ಮುಚ್ಚುವಳು. ಆಡುಗಳು ಗುಡ್ಡದ ಮೇಲೆ ಕಲ್ಲಿನ ಹಾಗೆ ನಿಂತಿದ್ದವು. ಎಲ್ಲವುಗಳ ಕಿವಿ ನೆಟ್ಟಗಿದ್ದವು. ಒಂದೂ ಇಳಿಯಲಿಲ್ಲ. ಕತ್ತಲಾದ ಮೇಲೆ ಆ ಗುಡ್ಡದಲ್ಲಿ ತೋಳ ಓಡಾಡುತ್ತವೆ ಎಂಬುದು ಮೂವರಿಗೂ ಗೊತ್ತಿತ್ತು.

ಅವಳು ಹೊಳೆಯ ಕಡೆ ತಿರುಗಿದಳು. ಬಾಯಿ ತೆರೆದಳು.

ಆಗ ದೀಪದ ಪಕ್ಕದಲ್ಲಿದ್ದ ಹೊಸ ಫೋನು ಬಡಿಯಿತು.

ಗವಿಸಿದ್ಧ ನೋಡಿದ. ಗಾಜಿನ ಮೇಲೆ ದ್ಯಾಮವ್ವನ ಹೆಸರಿತ್ತು.

ಅವನು ಬಂಡೆಯ ಕಡೆ ನೋಡಿದ. ಬ್ಯಾಟರಿ ಅಲ್ಲೇ ಇತ್ತು. ಸಿಮ್ಮು ಅಲ್ಲೇ ಇತ್ತು. ಗಾಜಿನ ಮೇಲೆ ಒಂದು ಇರುವೆ ಹರಿಯುತ್ತಿತ್ತು.

ಫೋನು ನಿಂತಿತು.

ಆಚೆ ದ್ಯಾಮವ್ವ ಮತ್ತೆ ಬಾಯಿ ತೆರೆದಳು. ಫೋನು ಮತ್ತೆ ಬಡಿಯಿತು. ನಿಂತಿತು. ಬೇವಿನ ಮರದ ಹಕ್ಕಿಗಳು ಒಟ್ಟಿಗೇ ದೀಪದ ಕಡೆ ತಿರುಗಿದವು.

ಗವಿಸಿದ್ಧ ಅಜ್ಜನ ಕಾಲ ಬಳಿ ಸರಿದು ಕುಳಿತ. ಅವನಿಗೆ ಮಡುವಿನ ಕಡೆಯಿಂದ ಬಂದ ದನಿಯ ನೆನಪಾಗಿತ್ತು. ಅದೂ ಎರಡೇ ಸಲ ಕರೆದಿತ್ತು. ಇನ್ನು ಬರದಿರಲಿ ಎಂದುಕೊಂಡ. ಅಜ್ಜ ಕಣ್ಣು ಮುಚ್ಚಿ, ಹೊಳೆಗೆ ಕಿವಿ ಕೊಡುವಂತೆಯೇ, ಆ ಕರೀ ಗಾಜಿಗೆ ಕಿವಿ ಕೊಟ್ಟಿದ್ದರು.

ಬಹಳ ಹೊತ್ತು ಏನೂ ಆಗಲಿಲ್ಲ.

ಮೂರನೆಯದು ಬಡಿಯಿತು.

ಅಜ್ಜ ಕಣ್ಣು ತೆರೆದರು. ಎದ್ದು ಹೋಗಿ ಹುಟ್ಟು ತಂದು ಗವಿಸಿದ್ಧನ ಮಡಿಲಿನಲ್ಲಿ ಇಟ್ಟರು. ಬಡಿಯುತ್ತಿದ್ದ ಫೋನನ್ನು ಮೊದಲ ಸಲ ತಾವಾಗಿ ಕೈಯಿಂದ ಮುಟ್ಟಿ, ಅದನ್ನೂ ಅವನ ಅಂಗೈಯಲ್ಲಿ ಇಟ್ಟರು.

ಅದು ಅವನ ಅಂಗೈಯಲ್ಲಿ ಗಂಟಲಿನ ಹಾಗೆ ನಡುಗುತ್ತಿತ್ತು.

"ಅಜ್ಜಾರ," ಅಂದ ಗವಿಸಿದ್ಧ. ಅವನ ದನಿಯೂ ಉಸಿರಿನಷ್ಟೇ ಆಗಿತ್ತು. "ಯಾರಿದು, ಕರಿಯಾಕತ್ತಿರೂದು?"

"ಆಕಿ ಬಾಯಿಂದ ನೀ ತಗೊಂಡ ಕೂಗು," ಅಂದರು ಅಜ್ಜ. "ಇನ್ನೂ ಜೀವ ಐತಿ. ಹರಿಗೋಲು ಬಿಚ್ಚು. ಕೊಟ್ಟು ಬಾ."