ಬಿಸಿಲಿಗೆ ಎಚ್ಚರಾಗದ ಪುಡಿ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಮಠದ ಹಿಂದೆ ತಗಡು ಹೊದಿಸಿದ ಒಂದು ಕೋಣೆ. ಆ ಕೋಣೆಯಲ್ಲಿ ದೇವರಿರಲಿಲ್ಲ, ಗಾಜಿನ ಬಾಟಲಿಗಳಿದ್ದವು.

ಮಠದ ಪಂಚಾಕ್ಷರಯ್ಯನವರು ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ, ಹಿರಿಯರ ಮಠಕ್ಕೆ ಮರಳಿ ಬಂದವರು. ಊರವರ ಬಾಯಲ್ಲಿ ಅವರು ಅಜ್ಜಾರು. ಮಾತು ಕಡಿಮೆ. ಆಡಿದ ಮಾತು ಅರ್ಥವಾಗುವುದು ಇನ್ನೂ ಕಡಿಮೆ.

ಅವರಿಗೆ ಒಬ್ಬಳೇ ಶಿಷ್ಯೆ, ಕಸ್ತೂರಿ. ನೇಕಾರರ ಓಣಿಯ ಹುಡುಗಿ. ಅವರ ಹತ್ತಿರವೇ ಓದಿ, ಅವರ ಬೆನ್ನು ಹತ್ತಿಯೇ ಮಠಕ್ಕೆ ಬಂದವಳು.

ಓಣಿಯವರು ನೂಲಿಗೆ ಬಣ್ಣ ಹಾಕಿ ಉಳಿದ ಕೆಂಪು ನೀರು ಹೊಳೆ ಸೇರುತ್ತಿತ್ತು. ಕೆಳಗಿನ ಊರವರು ದೂರು ಕೊಟ್ಟರು. ಅಧಿಕಾರಿಗಳು ಬಂದು ನೋಡಿ, ಗೌರಿ ಹುಣ್ಣಿಮೆಯ ಮರುದಿನ ಮತ್ತೆ ಬರುತ್ತೇವೆ, ಅಷ್ಟರಲ್ಲಿ ನೀರು ತಿಳಿ ಮಾಡುವ ದಾರಿ ತೋರಿಸದಿದ್ದರೆ ಬಣ್ಣದ ಮನೆಗಳಿಗೆಲ್ಲ ಬೀಗ ಹಾಕುತ್ತೇವೆ ಎಂದು ಹೇಳಿ ಹೋದರು. ಬಣ್ಣ ನಿಂತರೆ ಮಗ್ಗ ನಿಂತಂತೆ. ಕಸ್ತೂರಿಯ ಅಪ್ಪನ ಮಗ್ಗವೂ ಅದೇ ಓಣಿಯಲ್ಲಿತ್ತು.

ಅಜ್ಜಾರ ಹತ್ತಿರ ಒಂದು ಬಿಳಿ ಪುಡಿಯಿತ್ತು. ಸತುವಿನಿಂದ ಮಾಡಿದ್ದು. ಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ, ಒಂದೊಂದು ಕಣ ಅಷ್ಟು. ಬಣ್ಣದ ನೀರಿಗೆ ಕಲಸಿ ಬಿಸಿಲಿಗಿಟ್ಟರೆ ಪುಡಿ ಬಿಸಿಲನ್ನು ಹೀರಿ ಬಣ್ಣವನ್ನು ಒಡೆಯುತ್ತಿತ್ತು. ತಾನು ಮಾತ್ರ ಇದ್ದ ಹಾಗೇ ಉಳಿಯುತ್ತಿತ್ತು. ಆದರೆ ಒಂದು ಕಲ್ಲುಬಾನಿ ನೀರು ತಿಳಿಯಾಗಲು ನಾಲ್ಕು ದಿನ ಹಿಡಿಯುತ್ತಿತ್ತು. ಓಣಿಯಲ್ಲಿ ದಿನಾ ಹೊಸ ಬಾನಿ ತುಂಬುತ್ತಿತ್ತು.

"ಯಾಕ್ರಿ ಅಜ್ಜಾರ, ಇಷ್ಟು ತಡಾ?" ಎಂದು ಕಸ್ತೂರಿ ಕೇಳಿದಳು.

"ಕಣ ಗುಂಡಗ ಅದಾವು."

"ಗುಂಡಗಿದ್ರ ಏನಾತ್ರಿ?"

"ಕೆಲಸಾ ಮಾಡೂ ಮುಖಾ ಒಂದು, ಕುಂತ ಉಣ್ಣೂ ಮುಖಾ ಹತ್ತು. ಮಾಡೂ ಮುಖಾನ ಅಗಲ ಮಾಡು."

ಹೇಗೆ ಎಂಬುದು ಅಜ್ಜಾರ ಹಳೇ ನೋಟುಬುಕ್ಕಿನಲ್ಲಿತ್ತು. ಕಣ ಬೆಳೆಯುವ ಪಾಕಕ್ಕೆ ಜಾಲಿ ಅಂಟು ಹಾಕಬೇಕು. ಅಂಟು ಆ ಕೆಲಸ ಮಾಡುವ ಮುಖಕ್ಕೆ ಹಿಡಿದು ಆ ಕಡೆ ಬೆಳೆಯಗೊಡುವುದಿಲ್ಲ. ಕಣ ಬೇರೆ ದಾರಿಯಿಲ್ಲದೆ ಪಕ್ಕಕ್ಕೆ ಹರಡಿ, ಆರು ಮೂಲೆಯ ತೆಳು ಬಿಲ್ಲೆಯಾಗುತ್ತದೆ. ಪುಟದ ಕೊನೆಗೆ ಒಂದು ಸಾಲು: ಏಳು ಸಲ ಬಿಸಿನೀರಿನಲ್ಲಿ ತೊಳೆ.

ಕಸ್ತೂರಿ ಎಂಟು ದಿನ ಒಲೆ ಬಿಟ್ಟು ಏಳಲಿಲ್ಲ. ಕಾಲೇಜಿನ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಪುಡಿಯ ಫೋಟೋ ತೆಗೆಸಿಕೊಂಡು ಬಂದಳು. ಒಂದಕ್ಕಿಂತ ಒಂದು ಚೊಕ್ಕ, ಆರಕ್ಕೆ ಆರು ಮೂಲೆ. ಅಜ್ಜಾರಿಗೂ ಯಾವತ್ತೂ ಇಷ್ಟು ಚೆಂದ ಬಂದಿರಲಿಲ್ಲ.

ಪುಡಿಯನ್ನು ಬಾನಿಯ ಕೆಂಪು ನೀರಿಗೆ ಕಲಸಿ ಬಿಸಿಲಿಗೆ ಇಟ್ಟಳು. ಸಂಜೆಗೆ ನೋಡಿದರೆ ಕೆಂಪು. ಮರುದಿನ ಸಂಜೆಗೂ ಕೆಂಪು. ಪಕ್ಕದ ಬಾನಿಯಲ್ಲಿದ್ದ ಅಜ್ಜಾರ ಗುಂಡು ಪುಡಿ ಅಷ್ಟರಲ್ಲಿ ನೀರನ್ನು ಅರ್ಧಕ್ಕರ್ಧ ತಿಳಿ ಮಾಡಿತ್ತು.

ಕಸ್ತೂರಿಗೆ ತಲೆ ಕೆಟ್ಟುಹೋಯಿತು. ಫೋಟೋ ನೋಡಿದಳು, ಬಾನಿ ನೋಡಿದಳು, ಸೂರ್ಯನನ್ನೂ ಒಂದು ಸಲ ಅನುಮಾನದಿಂದ ನೋಡಿದಳು.

"ಅಜ್ಜಾರ, ಆಕಾರ ಸರಿ ಐತಲ್ರಿ?"

ಅಜ್ಜಾರು ಫೋಟೋ ಹಿಡಿದು ನೋಡಿದರು. "ಚಂದ ಐತಿ."

"ಬಿಸಿಲೂ ಐತಿ. ಮತ್ತ ಯಾಕ್ರಿ ಹಿಂಗ?"

"ಬಿಸಿಲು ಒಳಗ ಬಂದೈತಿ. ನೀರು ಬಾಗಲದಾಗ ನಿಂತೈತಿ."

ಅಷ್ಟು ಹೇಳಿ ಅಜ್ಜಾರು ಆಕಳಿಗೆ ಹುಲ್ಲು ಹಾಕಲು ಎದ್ದು ಹೋದರು.

ನೀರು ಬಾಗಿಲಲ್ಲಿ ನಿಲ್ಲುವುದು ಅಂದರೇನು? ಬಾನಿ ಆಳವಾಯಿತೋ ಏನೋ ಎಂದುಕೊಂಡು ಕಸ್ತೂರಿ ನೀರನ್ನು ಅಗಲ ಪರಾತಗಳಲ್ಲಿ ತೆಳ್ಳಗೆ ಹರಡಿದಳು. ಪರಾತಗಳೂ ಕೆಂಪಗೇ ಉಳಿದವು.

ಪುಡಿ ತಳಕ್ಕೆ ಕೂರುತ್ತಿದೆಯೇನೋ ಎಂದು ಇಡೀ ದಿನ ಕೋಲು ಹಿಡಿದು ತಿರುವಿದಳು. ರಟ್ಟೆ ಬಿದ್ದುಹೋಯಿತೇ ಹೊರತು ಬಣ್ಣ ಹೋಗಲಿಲ್ಲ. ಅಜ್ಜಾರಿಗೆ ವಯಸ್ಸಾಯಿತು, ಏನೋ ಒಂದು ಹೇಳುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಬೈದದ್ದಕ್ಕೆ ಕೆನ್ನೆ ಬಡಿದುಕೊಂಡಳು.

ಹುಣ್ಣಿಮೆಗೆ ಇನ್ನೆರಡು ದಿನ ಉಳಿದಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ಆಕಾರದ ಮಾತ ಸುಳ್ಳ ಐತ್ರಿ ಅಜ್ಜಾರ. ಗುಂಡಂದು ದುಡೀತೈತಿ, ಮೂಲಿ ಇದ್ದದ್ದು ಮಲಗೇತಿ. ನಮ್ಮಪ್ಪ ಮಗ್ಗದ ಮುಂದ ಕುಂತು ನನ್ನ ಮಾರಿ ನೋಡ್ತಾನ್ರಿ. ಏನಂತ ಹೇಳಲಿ?"

ಹೇಳುತ್ತ ಕಣ್ಣು ಒರೆಸಿಕೊಂಡಳು.

ಅಜ್ಜಾರು ಒಂದೇ ಮಾತು ಕೇಳಿದರು. "ತೊಳದೀ?"

"ತೊಳದೀನ್ರಿ."

ಸುಳ್ಳು. ಒಂದು ಸಲ ನೀರು ಹೊಯ್ದು ಬಗ್ಗಿಸಿದ್ದಳು, ಅಷ್ಟೇ. ಏಳು ಸಲ ಎಂದು ಓದಿದಾಗ ಅವಳಿಗೆ ನಗು ಬಂದಿತ್ತು. ಮಠದ ಪುಸ್ತಕವಲ್ಲವೇ, ಅಜ್ಜಾರು ಪುಡಿಗೂ ಮಡಿ ಮಾಡಿಸುತ್ತಾರೆ ಎಂದುಕೊಂಡಿದ್ದಳು. ಅದಕ್ಕಿಂತ ಹೆಚ್ಚಾಗಿ ಅವಳು ನೇಕಾರರ ಮಗಳು. ನೂಲಿಗೆ ಗಂಜಿ ಕುಡಿಸುವಾಗ ಅವ್ವ ಹೇಳುವ ಮಾತು ಕಿವಿಯಲ್ಲಿತ್ತು: ಗಂಜಿ ಹೋದರೆ ಎಳೆ ಹೋಯಿತು, ಸೀರೆ ಮುಗಿಯುವ ತನಕ ನೀರು ಮುಟ್ಟಿಸಬೇಡ. ಇಷ್ಟು ಚೊಕ್ಕ ಮೂಲೆಗಳನ್ನು ಕಾಪಾಡಿದ ಅಂಟನ್ನು ತೊಳೆದುಬಿಟ್ಟರೆ ಮೂಲೆಗಳ ಗತಿಯೇನು?

ಅಜ್ಜಾರು ಸುಳ್ಳನ್ನು ಕೆದಕಲಿಲ್ಲ. ಒಳಗೆ ಹೋಗಿ ಒಂದು ಕಟ್ಟಿಗೆಯ ಅಚ್ಚು ತಂದರು. ಹುಣ್ಣಿಮೆಗೆಂದು ಭಕ್ತರ ಮನೆಯಲ್ಲಿ ಪಾಕವನ್ನು ಅಚ್ಚಿಗೆ ಹೊಯ್ದು ಸಕ್ಕರೆ ಆರತಿಯ ಗೊಂಬೆ ಮಾಡಿ, ಒಂದನ್ನು ಮಠಕ್ಕೆ ಕೊಟ್ಟಿದ್ದರು. ಅಚ್ಚಿನ ಎರಡು ಹೋಳು ದಾರದಲ್ಲಿ ಬಿಗಿದೇ ಇದ್ದವು. ಒಳಗೆ ಸಕ್ಕರೆಯ ಆನೆ.

"ತಗೋ ತಂಗಿ. ತಿನ್ನು."

ಕಸ್ತೂರಿ ಅಳುವುದನ್ನೂ ಮರೆತು ಅವರ ಮುಖ ನೋಡಿದಳು. ಓಣಿಗೆ ಬೀಗ ಬೀಳುವ ಹೊತ್ತಿನಲ್ಲಿ ಆನೆ ತಿನ್ನು ಅನ್ನುತ್ತಾರೆ!

"ಅಚ್ಚಿನ ಸಮೇತ ಹೆಂಗ ತಿನ್ನೂದ್ರಿ?"

"ಯಾಕ?"

"ಕಟಗಿ ಕಡೀಲ್ರಿ? ಬಿಚ್ಚಬೇಕಲ್ರಿ ಅದನ್ನ."

"ಬ್ಯಾಡ ಬ್ಯಾಡ. ಬಿಚ್ಚಿದ್ರ ಆನಿ ಮುರದು ಬೀಳ್ತೈತಿ."

"ಎಲ್ಲಿ ಮುರೀತೈತ್ರಿ! ಪಾಕ ಬಿಸಿ ಇದ್ದಾಗ ಬಿಚ್ಚಿದ್ರ ಸೊಂಡಿ ಕಳಚತೈತಿ. ಆರಿ ಗಟ್ಟ್ಯಾದ ಮ್ಯಾಲ ಅಚ್ಚಿನ ಹಂಗು ಎಲ್ಲಿ…"

ಮಾತು ಅರ್ಧಕ್ಕೇ ನಿಂತಿತು. ಅವಳ ಕೈ ದಾರದ ಗಂಟಿನ ಮೇಲಿತ್ತು.

ನೀರನ್ನು ಬಾಗಿಲಲ್ಲಿ ನಿಲ್ಲಿಸಿದ್ದು ತಾನು ತೊಳೆಯದೆ ಉಳಿಸಿದ ಅಂಟೇ ಎಂದು ಹೊಳೆದು, ಅವಳು ಗಂಟು ಬಿಚ್ಚಿದಳು. ಆಮೇಲೆ ತಲೆ ತಗ್ಗಿಸಿ, "ಅಜ್ಜಾರ, ನಾ ತೊಳದಿಲ್ರಿ," ಅಂದಳು.

"ಒಲಿ ಮ್ಯಾಲ ನೀರಿಟ್ಟೀನಿ," ಎಂದರು ಅಜ್ಜಾರು.

ತೊಳೆಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬಿಸಿನೀರಿಗೆ ಪುಡಿ ಹಾಕಿ ಕದಡಬೇಕು, ತಳಕ್ಕೆ ಕೂರುವ ತನಕ ಕಾಯಬೇಕು, ಮೇಲಿನ ನೀರು ಬಗ್ಗಿಸಬೇಕು. ಮೊದಲ ಮೂರು ನೀರು ಲೋಳೆ ಲೋಳೆ. ಐದನೆಯದು ಬೆರಳಿಗೆ ಜಾರುವುದು ನಿಂತಿತು. ಆರಕ್ಕೆ ಸಾಕು ಅನ್ನಿಸಿತು. ಅಜ್ಜಾರು ಕೆಮ್ಮಿದರು. ಏಳನೆಯದೂ ಆಯಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ಬಾನಿಗೆ ಹೊಸ ಕೆಂಪು ನೀರು ತುಂಬಿ ಪುಡಿ ಕಲಸಿದಳು. ಹೊತ್ತು ನೆತ್ತಿಗೆ ಬಂದಾಗ ನೀರು ತೆಳು ಗುಲಾಬಿಯಾಗಿತ್ತು. ಮೂರು ಗಂಟೆಗೆ ಕೋಲು ತೆಗೆದಿಟ್ಟು ಪುಡಿ ಕೂರಲು ಬಿಟ್ಟಳು. ಹೊತ್ತು ಮುಳುಗುವ ಮುಂಚೆ ನೋಡಿದರೆ, ಬಾನಿಯ ಗೋಡೆಯ ಮೇಲೆ ಕಲ್ಲುಕುಟಿಗನ ಉಳಿ ಎಬ್ಬಿಸಿದ ಗೆರೆಗಳು ತಳದ ತನಕ ಕಂಡವು.

ಕಸ್ತೂರಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಓಣಿಯವರೆಲ್ಲ ಬಂದು ಬಗ್ಗಿ ನೋಡಿದರು. ಅವಳ ಅಪ್ಪ ಬೊಗಸೆಯಲ್ಲಿ ನೀರು ಎತ್ತಿ ಹಿಡಿದು, ಮೆಲ್ಲಗೆ ಕೆಳಗೆ ಬಿಟ್ಟ.

ಎಲ್ಲರೂ ಹೋದ ಮೇಲೆ ಅವಳು ಅಜ್ಜಾರ ಹತ್ತಿರ ಕೂತಳು. "ಹಂಗಾರ ಆ ಅಂಟು ಕೆಟ್ಟದ್ದಂದಂಗಾತ್ರಿ."

"ಅಂಟಿಲ್ದ ಆರು ಮೂಲಿ ಎಲ್ಲಿಂದ ಬರತಿದ್ವು?"

"ಅಂದ್ರ ಒಳ್ಳೇದು?"

"ಮುಖಾ ಮುಚ್ಚಿತ್ತಲ್ಲ."

"ಒಳ್ಳೇದೋ ಕೆಟ್ಟದ್ದೋ, ಒಂದ ಹೇಳ್ರಿ ಅಜ್ಜಾರ."

ಅಜ್ಜಾರು ಆಕಳ ಕಡೆ ನಡೆದರು. ಅವಳ ತಲೆ ಮತ್ತೆ ಗೊಂದಲದ ಗೂಡಾಯಿತು.

ಮರುದಿನ ಬೆಳಿಗ್ಗೆ ಅಧಿಕಾರಿಗಳ ಜೀಪು ಓಣಿಗೆ ಬಂತು. ನೀರು ಹೇಗೆ ತಿಳಿಯಾಯಿತು, ಪುಡಿ ಏನು, ಯಾರು ಮಾಡಿದ್ದು ಎಂದು ಕೇಳತೊಡಗಿದರು. ಎಲ್ಲರ ಕಣ್ಣು ಕಸ್ತೂರಿಯ ಮೇಲೆ. ಅವಳು ಬಾಯಿ ತೆರೆದಳು, "ಅಜ್ಜಾರು ಹೇಳ್ಯಾರ…" ಅಂದಳು. ಒಂದು ಗಳಿಗೆ ತಡೀರಿ ಎಂದು ಮಠಕ್ಕೆ ಓಡಿದಳು.

ಅಜ್ಜಾರು ಬಾಗಿಲಲ್ಲಿ ನಿಂತಿದ್ದರು.

"ಲಗೂ ಬರ್ರಿ ಅಜ್ಜಾರ. ಅವರು ಏನೇನೋ ಕೇಳಾಕತ್ಯಾರ. ನೀವ ಬಂದು ಹೇಳ್ರಿ."

"ಪುಡಿ ಮಾಡಿದಾಕಿ ಯಾರು?"

"ನಾನ್ರಿ. ಖರೆ, ಕಲಿಸಿದವ್ರು ನೀವಲ್ರಿ. ನಾ ಹೇಳಿದ್ರ ಯಾರು ಕೇಳ್ತಾರ?"

"ಕೆಟ್ಟಿದ್ದು ಯಾಕ, ಸುಧಾರಿಸಿದ್ದು ಹೆಂಗ, ಗೊತ್ತೈತೇನು?"

"ಗೊತ್ತೈತ್ರಿ. ಆದ್ರ ನೀವು ಬಾಜೂಕ ನಿಂತ್ರ ಅಷ್ಟ ನನಗ ಮಾತು ಬರ್ತಾವ್ರಿ. ಇಷ್ಟು ವರ್ಷ ನಿಮ್ಮ ಮಾತ ಆಡೀನಿ. ನಿಮ್ಮನ್ನ ಬಿಟ್ಟು ನಾ ಏನೂ ಅಲ್ರಿ."

ಅಜ್ಜಾರು ಅವಳನ್ನು ದಿಟ್ಟಿಸಿ ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ. ಅವರ ಕಣ್ಣು ತುಸು ಒದ್ದೆಯಾಗಿತ್ತು.

"ಎಷ್ಟು ಸಲ ತೊಳದಿ?"

ಈ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಅವಳಿಗೆ ತಿಳಿಯಲಿಲ್ಲ. "ಏಳು ಸಲ್ರಿ. ಈ ಸಲ ಸುಳ್ಳಲ್ರಿ."

ಅಜ್ಜಾರು ಹಿಂದೆ ಸರಿದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

"ಅಜ್ಜಾರ!" ಕಸ್ತೂರಿ ಬಾಗಿಲು ಬಡಿದಳು.

"ಅಂಟು ಇನ್ನೊಂದು ಉಳದೈತಿ. ಇದು ಎಂಟನೇದು, ತಂಗಿ."