ಹುಂಡುಕೋಳಿಯ ಅಂಗಳದ ಕೆಸರು

ಮಕ್ಕಳೇ, ಕಾಡಿನಂಚಿನ ಕೊಳದ ಬಳಿ ದೊಡ್ಡದೊಂದು ಕೆಸುವಿನ ಗಿಡವಿತ್ತು. ಅದರ ಅಗಲವಾದ ಎಲೆಗಳ ಕೆಳಗೆ ಸುಭದ್ರಮ್ಮ ಎಂಬ ಹುಂಡುಕೋಳಿಯ, ಅಂದರೆ ನೀರುಕೋಳಿಯ, ಗೂಡು. ಅವಳ ಅಜ್ಜಿ, ಮುತ್ತಜ್ಜಿ ಎಲ್ಲರೂ ಅಲ್ಲೇ ಮೊಟ್ಟೆಯಿಟ್ಟವರು. ಆ ಮನೆತನದ ಬಗ್ಗೆ ಕೊಳದಲ್ಲಿ ಯಾರೂ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ಸುಭದ್ರಮ್ಮನಿಗೆ ಅದೇ ಹೆಮ್ಮೆ.

ಗಿಡದ ಬುಡದಲ್ಲೇ ಏಡಿ ಕೆಂಚಯ್ಯನ ಬಿಲ. ಕೊಳದಿಂದ ಬುಡದವರೆಗೆ ಅವನು ಕೊರೆದ ದಾರಿಯಲ್ಲಿ ನೀರು ಜಿನುಗುತ್ತಿತ್ತು. ಅಂಗಳವೆಲ್ಲ ಸದಾ ಕೆಸರು.

ಒಂದು ದಿನ ಮೊಟ್ಟೆ ನೋಡಲು ನೆಂಟರು ಬಂದರು. ಸುಭದ್ರಮ್ಮನ ಚಿಕ್ಕಮ್ಮ ಕಾಲೆತ್ತಿ, "ಇದೇನೇ ಸುಭದ್ರಾ, ಬಾಗಿಲಲ್ಲೇ ಕೆಸರು!" ಎಂದಳು.

ಸುಭದ್ರಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. "ಎಲ್ಲ ಈ ಕೊಳಕನ ಕೆಲಸ. ಏ ಕೆಂಚಯ್ಯ, ಮರ್ಯಾದಸ್ಥರ ಮನೆ ಮುಂದೆ ನಿನಗೇನು ಕೆಲಸ? ನಡೆ ಆಚೆಗೆ!"

"ಅಮ್ಮಾ, ಕೆಸುವಿಗೆ ತೇವ ಬೇಕು..."

"ನನಗೇ ಬುದ್ಧಿ ಹೇಳುತ್ತೀಯಾ?"

ಕೆಂಚಯ್ಯ ತಲೆ ತಗ್ಗಿಸಿ ಆಚೆ ದಡಕ್ಕೆ ಹೋದ. ಸುಭದ್ರಮ್ಮ ಅವನ ಬಿಲಕ್ಕೆ ಕಲ್ಲು ತುರುಕಿ, ಅಂಗಳ ಗುಡಿಸಿದಳು. ನೆಂಟರು ಮೆಚ್ಚಿಕೊಂಡು ಹೋದರು.

ಬಿಸಿಲೇರಿತು. ನೆಲ ಬಿರಿಯಿತು. ಕೆಲವೇ ದಿನಗಳಲ್ಲಿ ಕೆಸುವಿನ ಎಲೆಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಮೊಟ್ಟೆಗಳು ಬಯಲಾದವು.

ಮೇಲಿನಿಂದ ಕಾಗೆ ಕೂಗಿತು. "ಏನಮ್ಮಾ, ನಿಮ್ಮ ದೊಡ್ಡ ಮನೆಗೆ ಸೂರೇ ಇಲ್ಲವಲ್ಲ! ಇರಿ, ನಮ್ಮವರನ್ನೂ ಊಟಕ್ಕೆ ಕರೆತರುತ್ತೇನೆ."

ಸುಭದ್ರಮ್ಮ ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ಕುಳಿತಳು. ಎದ್ದು ಹೋಗುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಕೊನೆಗೆ ಬಿಗುಮಾನ ಬಿಟ್ಟು ಕೂಗಿದಳು. "ಕೆಂಚಯ್ಯಾ! ನನ್ನ ಮಕ್ಕಳನ್ನು ಉಳಿಸಪ್ಪಾ!"

ಕೆಂಚಯ್ಯ ಓಡಿಬಂದ. ಬಿಲದ ಕಲ್ಲುಗಳನ್ನು ಒಂದೊಂದಾಗಿ ಎಳೆದು ಹಾಕಿದ. ನೀರು ಗುಳುಗುಳು ಹರಿದು ಬುಡ ನೆನೆಯಿತು. ಬಿಸಿಲು ಇಳಿಯುವಷ್ಟರಲ್ಲಿ ಎಲೆಗಳು ಮೆಲ್ಲಗೆ ತಲೆಯೆತ್ತಿ ಗೂಡನ್ನು ಮುಚ್ಚಿದವು. ಬಳಗದೊಂದಿಗೆ ಬಂದ ಕಾಗೆ ಸುತ್ತಿ ಸುತ್ತಿ, ಗೂಡು ಕಾಣದೆ, ತನ್ನವರಿಂದಲೇ ಬೈಸಿಕೊಂಡು ಹೋಯಿತು.

ಸುಭದ್ರಮ್ಮ ಗಂಟಲು ಸರಿಮಾಡಿಕೊಂಡಳು. "ನಮ್ಮ ಮನೆತನದವರು ಉಪಕಾರ ಮರೆಯುವವರಲ್ಲ ಕೆಂಚಯ್ಯ. ಊಟ ಮಾಡಿಕೊಂಡೇ ಹೋಗು."

"ಊಟ ಬೇಡಮ್ಮ," ಎಂದ ಕೆಂಚಯ್ಯ. "ನೆಂಟರೆದುರು ನನ್ನನ್ನು ಕೊಳಕ ಅಂದಿರಿ. ಅವರನ್ನು ಮತ್ತೆ ಕರೆಸಿ, ಅವರೆದುರೇ ನನ್ನ ಕ್ಷಮೆ ಕೇಳಿ."

ನೀತಿ: ಇನ್ನೊಬ್ಬರನ್ನು ಹೀಗಳೆದು ಉಳಿಸಿಕೊಂಡ ಮರ್ಯಾದೆ ಮರ್ಯಾದೆಯಲ್ಲ, ನಾಲ್ಕು ಜನರೆದುರು ಮಾಡಿದ ಅವಮಾನಕ್ಕೆ ನಾಲ್ಕು ಜನರೆದುರೇ ಕ್ಷಮೆ ಕೇಳಬೇಕು.